ಅಕ್ಕನಿಗೆಂದು ಕಟ್ಟಿದ ಬಸ್ಸು

ಬ್ರೇಕು ಹಿಡಿಯದೆ ಬಸ್ಸು ಬಾವಲಿಯ ಹೊಳೆಗೆ ಇಳಿಯಬಹುದಿತ್ತು. ಮಳೆಗಾಲದಲ್ಲಿ ಚಕ್ರ ಹೂತು, ಮನೆ ಒಂದು ಕಡೆಗೆ ವಾಲಿ, ಅಕ್ಕ ಪಾತ್ರೆಪಗಡದ ಸಮೇತ ಕಿಟಕಿಗೆ ಬಂದು ಬೀಳಬಹುದಿತ್ತು. ಅಕ್ಕಿಯ ವಾಸನೆ ಹಿಡಿದು ಬಂದ ಆನೆ, ಬಾಗಿಲು ಹುಡುಕುವ ತಾಳ್ಮೆಯಿಲ್ಲದೆ ಗೋಡೆಯನ್ನೇ ಬಾಗಿಲು ಮಾಡಬಹುದಿತ್ತು. ಸಿಡಿಲು ಬಡಿಯಬಹುದಿತ್ತು. ರಬ್ಬರ್ ಟೈರು ಕಾಪಾಡುತ್ತದೆ ಎಂದು ಒಬ್ಬರು, ಇಲ್ಲ ಎಂದು ಇನ್ನೊಬ್ಬರು ಹೇಳಿದ್ದರಿಂದ ನಾನು ಇಬ್ಬರನ್ನೂ ನಂಬಿ ಎರಡು ಪಟ್ಟು ಹೆದರಿದ್ದೆ. ಕಾಡಿನಂಚಿನಲ್ಲಿ ಅಕ್ಕಿ, ಬೇಳೆ, ಜ್ವರದ ಮಾತ್ರೆ ತುಂಬಿಕೊಂಡು ನಿಂತ ಬಸ್ಸನ್ನು ಕಂಡು ಪೊಲೀಸರು ನನ್ನನ್ನು ನಕ್ಸಲರ ಅಡುಗೆಭಟ್ಟ ಎಂದುಕೊಳ್ಳಬಹುದಿತ್ತು; ನಕ್ಸಲರು ಪೊಲೀಸರ ಕಡೆಯವನು ಎಂದುಕೊಳ್ಳಬಹುದಿತ್ತು. ಚಕ್ರ ಇರುವುದರಿಂದ ಇದು ಮನೆಯಲ್ಲ ಎಂದು ಪಂಚಾಯಿತಿಯವರೂ, ಮಂಚ ಇರುವುದರಿಂದ ಇದು ಬಸ್ಸಲ್ಲ ಎಂದು ಆರ್‌ಟಿಓ ಆಫೀಸಿನವರೂ ಒಂದೇ ದಿನ ಬಂದು ಹೇಳಬಹುದಿತ್ತು. ಗ್ಯಾಸ್ ಸೋರಬಹುದಿತ್ತು, ಡೀಸೆಲ್ ಹತ್ತಿಕೊಳ್ಳಬಹುದಿತ್ತು, ಪ್ಲೈವುಡ್ಡಿಗೆ ಗೆದ್ದಲು ಹಿಡಿಯಬಹುದಿತ್ತು.

ಇದರಲ್ಲಿ ಒಂದೂ ಆಗಲಿಲ್ಲ. ಬಸ್ಸು ಇವತ್ತಿಗೂ ನೆಟ್ಟಗಿದೆ. ಅದರೊಳಗೆ ಕೂತೇ ಇದನ್ನು ಬರೆಯುತ್ತಿದ್ದೇನೆ. ಆದರೆ ಅದನ್ನು ಕಟ್ಟಿದ್ದು ನನಗಲ್ಲ, ಅಕ್ಕನಿಗೆ. ಅಕ್ಕ ಅದರಲ್ಲಿ ಒಂದು ದಿನವೂ ಇರಲಿಲ್ಲ. ಗುಡ್ಡದ ಮೇಲೆ ಭೂಮಿ ಕೇಳುತ್ತ ಕೂತವರ ಟಾರ್ಪಾಲ್ ಗುಡಿಸಲುಗಳಲ್ಲೊಂದಕ್ಕೆ ಹೋದಳು. ಅಲ್ಲಿ ಎರಡು ಮಳೆಗಾಲ ಕಳೆದು, ಎರಡನೆಯದರ ಕೊನೆಗೆ ಎದೆಯಲ್ಲಿ ಕಫ ಕಟ್ಟಿ ತೀರಿಕೊಂಡಳು. ಸೋರದ ಸೂರೊಂದು ಹತ್ತು ಕಿಲೋಮೀಟರ್ ದೂರದಲ್ಲಿ ಖಾಲಿ ನಿಂತಿತ್ತು. ತಮ್ಮ ಅಷ್ಟು ಚೆಂದ ಕಟ್ಟಿಕೊಟ್ಟಿದ್ದಾನಲ್ಲ, ಯಾಕೆ ಹೋಗಲಿಲ್ಲ ಎಂದು ಕೇಳಿದವರಿಗೆ, "ಅದು ಬಸ್ಸು ಕಣವ್ವ, ಮನೆಯಲ್ಲ" ಅನ್ನುತ್ತಿದ್ದಳಂತೆ.

ಅವ್ವ ಸತ್ತಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನಾಲ್ಕು. ಬೆಳೆಸಿದವಳು ಅವಳೇ. ಮದುವೆಯಾಗಿ ಹೋಗಿ, ಗಂಡನನ್ನು ಕಳೆದುಕೊಂಡು, ಬಾವಲಿಯ ಕಾಡಂಚಿನ ನಮ್ಮ ಹಳೆಯ ಮನೆಗೆ ವಾಪಸು ಬಂದಳು. ನಾನು ಮದುವೆಯಾಗಲಿಲ್ಲ, ಮದುವೆಯಲ್ಲಿ ಏನೇನು ಕೆಡಬಹುದು ಎಂದು ಪಟ್ಟಿ ಮಾಡುತ್ತಿದ್ದಾಗಲೇ ವಯಸ್ಸು ಮುಗಿಯಿತು. ಗಡಿಯಾಚೆ ಕೇರಳದ ಮಾನಂದವಾಡಿಯಲ್ಲಿ ಬಸ್ಸಿನ ಬಾಡಿ ಕಟ್ಟುವ ಶೆಡ್ಡೊಂದರಲ್ಲಿ ಸೀಟುಗಳಿಗೆ ರೆಕ್ಸಿನ್ ಹೊಲಿಯುತ್ತ, ಅಂಗಡಿಯ ಮೇಲಿನ ಬಾಡಿಗೆ ರೂಮಿನಲ್ಲಿದ್ದೆ.

ಅಜ್ಜ ಕಬಿನಿಯ ಆ ಕಡೆಯಿಂದ ಗದ್ದೆ ಕೆಲಸಕ್ಕೆ ಬಂದು ಗುಡಿಸಲು ಹಾಕಿದ ಆ ನೆಲಕ್ಕೆ ಪಟ್ಟಯ, ಅಂದರೆ ಹಕ್ಕುಪತ್ರ, ಯಾವತ್ತೂ ಇರಲಿಲ್ಲ. ಯಾರೂ ಕೇಳದಿದ್ದಾಗ ಅದು ಬೇಕಾಗಿಯೂ ಇರಲಿಲ್ಲ. ನಾನು ಹೇಳುತ್ತಿರುವ ವರ್ಷಗಳಲ್ಲಿ ಎಲ್ಲರೂ ಕೇಳತೊಡಗಿದರು. ಗುಡ್ಡದ ಮೇಲೆ ಜಮೀನಿಲ್ಲದವರು ಬಾವುಟ ನೆಟ್ಟು ಗುಡಿಸಲು ಹಾಕುವುದು, ಬೆಳಗಾಗುವಾಗ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ನಕ್ಸಲರ ಪೋಸ್ಟರು, ಹಿಂದೆಯೇ ಪೊಲೀಸ್ ಜೀಪು. ಈ ಗಲಾಟೆಯ ನಡುವೆ ಅಕ್ಕನಿಗೂ ಒಂದು ಕಾಗದ ಬಂತು: ಇದು ಕಾಡಿನ ಜಾಗ, ಖಾಲಿ ಮಾಡತಕ್ಕದ್ದು.

"ನನ್ನ ರೂಮಿಗೆ ಬಂದ್ಬುಡು ಅಕ್ಕಾ," ಅಂದೆ.

"ಅಲ್ಲೇನ್ಲಾ ಐತೆ? ಕಾಲು ಚಾಚುದ್ರೆ ಗೋಡೆ, ಬಾಗ್ಲು ತೆಗುದ್ರೆ ಓನರ್ರು."

"ಒಳ್ಳೆಯವ್ರು ಅವ್ರು."

"ಇರ್ಲಿ. ನಾಳೀಕೆ ಅವ್ರೂ ಖಾಲಿ ಮಾಡು ಅಂದ್ರೆ? ಒಂದು ಸಲ ಎಬ್ಬುಸ್ಕಂಡಿದ್ದು ಸಾಕು ಮಗ. ಇನ್ನೊಂದು ಸಲ ನನ್ ಕೈಲಾಗಕಿಲ್ಲ."

ಯಾರೂ ಎಬ್ಬಿಸಲಾರದ ಒಂದು ಮನೆ: ಅವಳು ಕೇಳಿದ್ದು ಅಷ್ಟೇ. ನಲವತ್ತು ವರ್ಷಗಳಲ್ಲಿ ನನ್ನನ್ನು ಏನನ್ನೂ ಕೇಳದವಳು.

ಆ ತಿಂಗಳೇ ನಮ್ಮ ಶೆಡ್ಡಿಗೆ ಗುಜರಿಗೆಂದು ಹಳೆಯ ಲೈನ್ ಬಸ್ಸೊಂದು ಬಂತು. ಅದನ್ನು ಬಿಚ್ಚಬೇಕಿದ್ದ ವೆಲ್ಡರ್ ಒಬ್ಬ ಮಲಯಾಳಿ. ನನಗಿಂತ ಹಿರಿಯ, ನಾವೆಲ್ಲ ಚೇಟ್ಟ, ಅಂದರೆ ಅಣ್ಣ, ಎನ್ನುತ್ತಿದ್ದೆವು. "ಎಂಜಿನ್ನಿಗೆ ಇನ್ನೂ ಜೀವ ಇದೆ," ಅಂದ. ನೆಲವಿಲ್ಲದ ಮನೆಯ ಯೋಚನೆ ನನಗೆ ಬಂದದ್ದು ಆಗ. ಚೇಟ್ಟ ತನ್ನ ಕಾಫಿ ತೋಟದ ಮೂಲೆಯಲ್ಲಿ ಬಸ್ಸು ನಿಲ್ಲಿಸಿಕೊಳ್ಳಲು ಒಪ್ಪಿದ. ಮುಂದೆ ಯಾರಾದರೂ ಬೇಡ ಎಂದರೆ ಸ್ಟಾರ್ಟ್ ಮಾಡಿಕೊಂಡು ಹೋದರಾಯಿತು.

ಐದು ತಿಂಗಳು, ಶೆಡ್ಡಿನ ಕೆಲಸ ಮುಗಿದ ಮೇಲೆ ಇದೇ ಕೆಲಸ. ನಾನೇ ಒಂದು ಕಾಲದಲ್ಲಿ ಹೊಲಿದಿದ್ದ ಸೀಟುಗಳನ್ನು ನಾನೇ ಕಿತ್ತೆ. ತುಕ್ಕು ಹಿಡಿದ ನೆಲದ ತಗಡನ್ನು ಚೇಟ್ಟ ಕತ್ತರಿಸಿ ಹೊಸದು ಕೂರಿಸಿದ. ಹಿಂದಿನ ಎಮರ್ಜೆನ್ಸಿ ಬಾಗಿಲ ಹತ್ತಿರ ಬಚ್ಚಲು, ಕ್ಯಾರಿಯರ್ ಮೇಲೆ ನೀರಿನ ಟ್ಯಾಂಕು, ಹೆಂಗಸರ ಸೀಟಿದ್ದ ಕಡೆ ಮಂಚ. ಅಕ್ಕನ ಮಂಡಿ ನೋವಿಗೆಂದು ಮೆಟ್ಟಿಲು ಒಂದಿದ್ದಲ್ಲಿ ಎರಡು ಮಾಡಿಸಿದೆ. ಗ್ಯಾಸ್ ಸಿಲಿಂಡರನ್ನು ಹೊರಗೆ ಕಬ್ಬಿಣದ ಗೂಡಿನಲ್ಲಿಟ್ಟು, ದಿನಾ ಪೈಪಿಗೆ ಸೋಪಿನ ನೊರೆ ಬಳಿದು ಗುಳ್ಳೆ ಬರುತ್ತದೆಯೇ ಎಂದು ನೋಡುತ್ತಿದ್ದೆ. ಬೆಂಕಿ ನಂದಿಸುವ ಸಿಲಿಂಡರ್ ಬೇರೆ ಎರಡು.

"ಎಡಾ, ನೀನು ಕಟ್ತಾ ಇರೋದು ಮನೆಯೋ ಪೆಟ್ರೋಲ್ ಬಂಕೋ?" ಎಂದು ಚೇಟ್ಟ ಛೇಡಿಸುತ್ತಿದ್ದ. "ಇಷ್ಟು ಹೆದರೋನು ತಾಯಿ ಹೊಟ್ಟೆಯಿಂದ ಹೆಂಗೆ ಹೊರಗೆ ಬಂದೆ?"

ನಡುವೆ ಒಂದು ಸಲ ಅಕ್ಕ ಬಂದು ನೋಡಿದಳು. ಮಂಚದ ಹಲಗೆ ಮಾತ್ರ ಕೂರಿಸಿದ್ದೆವು. ಅದರ ಮೇಲೆ ಕೂತು ಕಾಲು ಅಲ್ಲಾಡಿಸುತ್ತ, "ಕಂಡಕ್ಟರ್ ಯಾರ್ಲಾ? ಟಿಕೀಟು ಕೇಳುದ್ರೆ?" ಎಂದಳು.

"ನಾನು ಓನರ್ರ ಅಕ್ಕ ಅನ್ನು."

ನಕ್ಕಳು. ನಗು ನಿಂತ ಮೇಲೆ ಕಿಟಕಿಯ ಕಂಬಿ ಹಿಡಿದು ಮೆಲ್ಲಗೆ ಕೇಳಿದಳು: "ಇಲ್ಲಿಂದ ಯಾರೂ ಎಬ್ಬುಸಕಿಲ್ಲ ಅಲ್ವಾ ಮಗ?"

"ಎಬ್ಬಿಸೋಕೆ ಬಂದ್ರೆ ಮನೇನೇ ಎದ್ದು ಹೋಯ್ತದೆ ಅಕ್ಕಾ."

"ಹಂಗಾರೆ ಬತ್ತೀನಿ."

ಅವಳನ್ನು ಕರೆತರುವ ದಿನ ಬೆಳಿಗ್ಗೆ ಬಸ್ಸನ್ನು ಚೇಟ್ಟ ಓಡಿಸಿದ, ನಾನು ಪಕ್ಕದಲ್ಲಿ ಕೂತು ಬ್ರೇಕು ಒತ್ತುವಂತೆ ನೆಲ ಒತ್ತುತ್ತಿದ್ದೆ. ದಾರಿಯಲ್ಲಿ ಪೊಲೀಸರು ಕೈ ಅಡ್ಡ ಹಿಡಿದರು. "ಒಳಗೆ ಯಾರು?"

"ಯಾರೂ ಇಲ್ಲ ಸಾರ್. ನಕ್ಸಲರೂ ಇಲ್ಲ," ಅಂದೆ. ಚೇಟ್ಟ ನನ್ನ ತೊಡೆ ಚಿವುಟಿದ್ದು ಒಂದು ವಾರ ನೀಲಿಗಟ್ಟಿತ್ತು. ಆದರೆ ಇನ್ಸ್‌ಪೆಕ್ಟರು ಒಳಗೆ ಹತ್ತಿ, ನಲ್ಲಿ ತಿರುಗಿಸಿ, ಮಂಚದ ಮೇಲೆ ಕೂತು ನೋಡಿ, ರಿಟೈರ್ ಆದ ಮೇಲೆ ತನಗೂ ಇಂಥದ್ದೊಂದು ಆಗಬಹುದೇ ಎಂದು ವಿಚಾರಿಸಿ ಇಳಿದರು. ಅಲ್ಲಿಗೆ ನನ್ನ ದೊಡ್ಡ ಭಯ ಮುಗಿಯಿತು. ಇನ್ನೇನೂ ಉಳಿದಿಲ್ಲ ಅಂದುಕೊಂಡೆ.

ಬಾವಲಿ ತಲುಪಿ ಅಕ್ಕನ ಟ್ರಂಕು, ರುಬ್ಬುಗಲ್ಲು, ಕೋಳಿಯ ಬುಟ್ಟಿ ಎಲ್ಲ ಏರಿಸಿದೆವು. ಕೊನೆಗೆ ಅವಳು ಬಂದಳು. ಸೆರಗಿನಲ್ಲಿ ಹಿಡಿದ ಒಂದು ಮಡಕೆ, ಒಳಗೆ ಬೂದಿ ಮುಚ್ಚಿದ ಕೆಂಡ.

ನಮ್ಮ ಮನೆತನದಲ್ಲಿ ಮನೆ ಬದಲಿಸುವುದು ಹಾಗೆಯೇ. ಹಳೆಯ ಒಲೆಯ ಕೆಂಡ ಹೊಸ ಒಲೆಗೆ ಬಿದ್ದ ಮೇಲಷ್ಟೇ ಅದು ಮನೆ. ಕೆಂಡ ತೆಗೆದ ಕೂಡಲೇ ಹಳೆಯ ಒಲೆಗೆ ನೀರು ಹುಯ್ದು, ಸಗಣಿ ಸಾರಿಸಿ ಹೊರಡಬೇಕು. ಬಿಟ್ಟ ಒಲೆಯಲ್ಲಿ ಬೇರೆಯವರು ಬೇಯಿಸಬಾರದು. ಅಜ್ಜಿ ಹೊಳೆ ದಾಟಿಸಿ ತಂದ ಬೆಂಕಿಯನ್ನು ಅವ್ವ ಕಾಪಾಡಿದ್ದಳು, ಅವ್ವನದನ್ನು ಅಕ್ಕ. ಗೊತ್ತಿರಲಿಲ್ಲ ಎನ್ನಲಾರೆ. ಜ್ವರ ಬಂದಾಗಲೆಲ್ಲ ಆ ಒಲೆಯ ಪಕ್ಕ ಮಲಗಿ ಬೆಳೆದವನು ನಾನು. ಬೆಂಕಿ ಹತ್ತಿಕೊಳ್ಳುವ ಬಗೆಗಳನ್ನೆಲ್ಲ ಯೋಚಿಸಿದ್ದವನಿಗೆ ಬೆಂಕಿಗೊಂದು ಜಾಗ ಬೇಕೆಂಬುದು ಹೊಳೆದಿರಲಿಲ್ಲ.

"ಒಲೆ ಎಲ್ಲೈತೆ?" ಎಂದಳು, ಎರಡನೇ ಮೆಟ್ಟಿಲ ಮೇಲೆ ನಿಂತು.

"ಗ್ಯಾಸ್ ಐತೆ ಅಕ್ಕಾ. ಕೆಂಡ ಒಳಗೆ ಬ್ಯಾಡ, ಪ್ಲೈವುಡ್ಡು, ಕೆಳಗೆ ಡೀಸೆಲ್ಲು..."

ಅವಳು ಹತ್ತಲೂ ಇಲ್ಲ, ಇಳಿಯಲೂ ಇಲ್ಲ. "ಒಲೆಗೆ ನೀರು ಹುಯ್ದು ಬಂದಿವ್ನಿ ಕಣ್ಲಾ," ಅಂದಳು.

ಚೇಟ್ಟ ನನ್ನನ್ನು ನೋಡಿ, "ಮೂರು ಕಲ್ಲು ತಗೊಂಡು ಬಾರೋ," ಎಂದು ಗದರಿದ. ಓಡಿದೆ. ಕಬ್ಬಿಣದ ಬಾಂಡಲಿಯ ತುಂಬ ರಸ್ತೆ ಬದಿಯ ಮರಳು ತುಂಬಿ, ಮೂರು ಕಲ್ಲು ಹೊಂದಿಸಿ, ಚಾಲಕನ ಸೀಟಿನ ಹಿಂದೆ ತಂದಿಟ್ಟೆ. ಒಳ್ಳೆಯ ಒಣ ಮರಳು. ಕಿಡಿ ಹಾರಿದರೆ ಎಂದು ಹೆದರಿ, ಅಕ್ಕ ಒಳಗೆ ಬರುವಷ್ಟರಲ್ಲಿ ಅದಕ್ಕೆ ಎರಡು ಚೊಂಬು ನೀರು ಚಿಮುಕಿಸಿದೆ.

ಅಕ್ಕ ಮಂಡಿಯೂರಿ ಕೂತು, ಕಲ್ಲುಗಳಿಗೆ ಕೈ ಮುಗಿದು, ಮಡಕೆಯನ್ನು ಬಗ್ಗಿಸಿದಳು. ಉಳಿದಿದ್ದುದು ನಾಲ್ಕೈದೇ ಕೆಂಡ. ಚುಂಯ್ ಎಂದಿತು. ಸ್ವಲ್ಪ ಹೊಗೆ ಎದ್ದಿತು. ಅವಳು ಬಾಗಿ ಊದಿದಳು, ಊದಿದಳು, ಬೆರಳಲ್ಲಿ ಕೆದಕಿದಳು. ಕಪ್ಪು ಇದ್ದಿಲು. ಕೈಯನ್ನು ಮರಳಿನೊಳಗೆ ಒತ್ತಿ, ಒದ್ದೆಯಾದ ಅಂಗೈಯನ್ನು ತಿರುಗಿಸಿ ನೋಡಿದಳು.

"ನೀರು ಯಾಕಾಕ್ದೆ ಮಗ?" ಎಂದಳು.