ಎರಡು ರೋಬೋಟ್, ಒಬ್ಬ ಡಾಕ್ಟರ್

ನೆಲೋಗಿಯಿಂದ ಬಂದಿದ್ದ ಶರಣಮ್ಮನವರ ಕಿಡ್ನಿಯಲ್ಲಿ ಗಡ್ಡೆಯಿತ್ತು; ಆಪರೇಷನ್ ಮಾಡಬೇಕಿದ್ದವನು ನಾನು. ನಮ್ಮ ಆಸ್ಪತ್ರೆಗೆ ಆಗಷ್ಟೇ ಎರಡನೇ ಆಪರೇಷನ್ ರೋಬೋಟ್ ಬಂದಿದ್ದರಿಂದ ನನ್ನ ಮಾತಿಗೆ ತಡೆಯೇ ಇರಲಿಲ್ಲ. ಹಳೆಯದರ ನಾಲ್ಕೂ ಕೈ ಒಂದೇ ಕಂಬಕ್ಕೆ, ಹೊಸದರ ಒಂದೊಂದು ಕೈಗೂ ಬೇರೆ ಗಾಡಿ ಎಂದು ಚಿತ್ರ ಬರೆದು ಅರ್ಧ ತಾಸು ಹೋಲಿಸಿದೆ.

ಅವರು ಪೂರ್ತಿ ಕೇಳಿ, "ಸಾಹೇಬ್ರ, ನಿಮಗ ಯಾವುದು ರೂಢಿ ಅದರಿ?" ಎಂದರು.

"ಹಳೇದು."

"ಹೊಸದ್ರಾಗ ಎಷ್ಟು ಮಂದಿಗಿ ಮಾಡೀರಿ?"

"ನಿಮ್ದೇ ಮೊದಲನೇದ್ರಿ," ಎಂದೆ.

"ಹಂಗಾರ ಹಳೇದ್ರಾಗೇ ಮಾಡ್ರಿ. ಹೊಸದು ನಿಧಾನಕ್ಕ ಕಲೀರಿ."

ಹಾಗೆಯೇ ಮಾಡಿದೆ. ಗಡ್ಡೆ ಹೋಯಿತು, ಕಿಡ್ನಿ ಉಳಿಯಿತು. ಮುಂದೆ ಡಾಕ್ಟರುಗಳ ಸಭೆಯಲ್ಲಿ ಎರಡೂ ಯಂತ್ರಗಳನ್ನು ಹೋಲಿಸಿ ಮಾತಾಡುವಾಗ, ಡಾಕ್ಟರಿಗೆ ಯಾವುದು ರೂಢಿ ಎಂದು ಮೊದಲು ಕೇಳಬೇಕು ಎಂದೆ. ಎಲ್ಲರೂ ನನ್ನ ವಿವೇಕವನ್ನು ಹೊಗಳಿದರು. ಅದು ಯಾರ ವಿವೇಕವೆಂದು ಹೇಳುವಷ್ಟು ವಿವೇಕ ಮಾತ್ರ ನನಗೆ ಬರಲಿಲ್ಲ.