‘ಹೋಗುತ್ತೇನೆ’ ಅನ್ನುವ ಹಾಡು

ಅಮೆರಿಕದ ಜನಪದ ಧಾಟಿಯ ಕ್ರಿಸ್‌ಮಸ್ ಹಾಡೊಂದು ಕಳೆದ ವರ್ಷ ನೈರೋಬಿಯ ಸೌತ್ ಬಿ ಬಡಾವಣೆಯ ನಮ್ಮ ಫ್ಲ್ಯಾಟಿನ ನೆಮ್ಮದಿ ಕೆಡಿಸಿತು. ಶಾಲೆಯ ಕಾರ್ಯಕ್ರಮದಲ್ಲಿ ಒಬ್ಬಳೇ ನಿಂತು, ಪಿಯಾನೊ ಕೂಡ ಇಲ್ಲದೆ ಅದನ್ನು ಹಾಡುವ ಅವಕಾಶ ನನ್ನ ಮಗಳಿಗೆ ಸಿಕ್ಕಿತ್ತು. ವರ್ಷಗಟ್ಟಲೆ ಹಿಂದಿನ ಸಾಲಿನಲ್ಲಿ ನಿಂತು ಕೋರಸ್‌ಗೆ ದನಿಗೂಡಿಸಿದವಳಿಗೆ ಇದೇ ಮೊದಲ ಸೋಲೊ. ಹಾಡೇನೋ ಸರಳ. ಕುರಿ ಕಾಯುವ ಹುಡುಗಿಯೊಬ್ಬಳು ಕೊಟ್ಟಿಗೆಯಲ್ಲಿ ಹುಟ್ಟಿದ ಮಗುವನ್ನು ನೋಡಲು ಗುಡ್ಡ ದಾಟಿ ಹೊರಡುತ್ತಾಳೆ. ಪ್ರತಿ ಚರಣದ ಕೊನೆಗೂ ಅಮ್ಮನಿಗೆ ‘ಹೋಗುತ್ತೇನೆ’ ಅನ್ನುತ್ತಾಳೆ, ಇಂಗ್ಲಿಷಿನಲ್ಲಿ.

ಆಗಲೇ ಮೈಸೂರಿನಿಂದ ನಮ್ಮತ್ತೆ ಬಂದಿದ್ದರು. ಶಾಲೆಯ ವ್ಯಾನು ಟ್ರಾಫಿಕ್ ದಾಟಿ ಮಗಳನ್ನು ಇಳಿಸುವುದಕ್ಕೂ ಅವರು ದೇವರ ದೀಪ ಹಚ್ಚುವುದಕ್ಕೂ ಸರಿಹೋಗುತ್ತಿತ್ತು. ಅತ್ತೆಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಆದರೆ ‘ಗೋಯಿಂಗ್’ ಮಾತ್ರ ಕಿವಿಗೆ ನೆಟ್ಟಗೆ ಬೀಳುತ್ತಿತ್ತು. ಬತ್ತಿ ಕೈಯಲ್ಲೇ ಹಿಡಿದು ಬಂದುಬಿಡುತ್ತಿದ್ದರು. ದೀಪ ಹಚ್ಚುವ ಹೊತ್ತಲ್ಲಿ ಹಾಗನ್ನಬಾರದಂತೆ. ‘ಹೋಗಿ ಬರುತ್ತೇನೆ’ ಎಂದು ತಿದ್ದಿ ಹಾಡಬೇಕಂತೆ. ಅಷ್ಟು ಉದ್ದದ ಮಾತು ರಾಗಕ್ಕೆ ಕೂರುವುದಿಲ್ಲ ಎಂದು ನಾನು. ಕೂರಿಸಿಕೊಳ್ಳಲಿ ಎಂದು ಅವರು. ಮಗಳು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಹಾಡಿದರೆ ಬಾಗಿಲಾಚೆ ನಿಂತು ತಿದ್ದಿದರು.

ಅಜ್ಜಿ ಸುಮ್ಮನಾಗದಿದ್ದರೆ ಹಾಡನ್ನೇ ಬಿಟ್ಟುಬಿಡುತ್ತೇನೆ ಎಂದು ಮಗಳು ಇಂಗ್ಲಿಷಿನಲ್ಲಿ ನನ್ನ ಮೇಲೆ ಹರಿಹಾಯ್ದಳು. ಇಡೀ ದಿನ ಕಾಲೇಜಿನಲ್ಲಿ ಪಾಠ ಮಾಡಿ ಗಂಟಲು ಒಣಗಿಸಿಕೊಂಡು ಬಂದ ನನಗೆ ಸಂಜೆ ಈ ಪಂಚಾಯಿತಿ. ನನ್ನ ಯಜಮಾನರು ಟಿವಿಯ ದನಿ ಏರಿಸಿ ಕೂತರು, ಅದು ಅವರ ಕೊಡುಗೆ. ಕೊನೆಗೊಂದು ದಿನ ತಾಳ್ಮೆ ಕೆಟ್ಟು, ಅದು ಬರೀ ಹಾಡು, ಇಷ್ಟೇಕೆ ರಂಪ ಎಂದು ಅತ್ತೆಯನ್ನು ಕೇಳಿಯೇಬಿಟ್ಟೆ.

“ನಿಮ್ಮ ಮಾವ ಅವತ್ತು ಆಫೀಸಿಗೆ ಹೊರಡೋವಾಗ ‘ಹೋಗ್ತೀನಿ’ ಅಂದ್ರು. ಒಲೆ ಮೇಲೆ ಹಾಲಿತ್ತು, ನಾನು ತಿದ್ದಲಿಲ್ಲ ಕಣಮ್ಮ.”

ಮಾವ ಆಫೀಸಿನಲ್ಲೇ ಎದೆನೋವು ಬಂದು ತೀರಿಕೊಂಡದ್ದು ನನಗೆ ಗೊತ್ತಿತ್ತು. ಈ ಮಾತು ಗೊತ್ತಿರಲಿಲ್ಲ. ಕರುಳು ಚುರ್ ಎಂದಿತು. ಮಗಳಿಗೂ ಹೇಳಿದೆ. ಅವಳು ಹೆಡ್‌ಫೋನ್ ಹಾಕಿಕೊಂಡಳು. ಮರುಸಂಜೆ ಮತ್ತೆ ಅದೇ ಜಗಳ ಶುರುವಾದಾಗ ನನ್ನ ಕರುಳಿನ ಕಥೆಯೂ ಮುಗಿದು ತಲೆ ಚಚ್ಚಿಕೊಳ್ಳುವಂತಾಯಿತು.

ಕಾರ್ಯಕ್ರಮದ ದಿನ, ಬಾಯಿ ಬಿಡುವುದಿಲ್ಲ ಎಂದು ಅತ್ತೆಯಿಂದ ಮಾತು ತೆಗೆದುಕೊಂಡೇ ಕಾರು ಹತ್ತಿಸಿದೆ. ಮಗಳು ಚೆನ್ನಾಗಿ ಹಾಡಿದಳು. ಸುಳ್ಳೇಕೆ ಹೇಳಲಿ, ನನ್ನ ಕಣ್ಣು ತುಂಬಿತು. ಕೊನೆಯ ‘ಹೋಗುತ್ತೇನೆ’ ಮುಗಿಯಿತು. ಚಪ್ಪಾಳೆಗೆ ಇನ್ನೂ ಯಾರೂ ಕೈ ಎತ್ತಿರಲಿಲ್ಲ, ನನ್ನ ಪಕ್ಕದಿಂದ ಅತ್ತೆಯ ಗಟ್ಟಿ ದನಿ ಬಂತು.

“ಹೋಗ್ಬಿಟ್ಟು ಬಾ, ಪುಟ್ಟಿ.”

ನೈರೋಬಿಯ ಸಭೆ ಯಾರು ಏನು ಹೇಳಿದರೂ ಉತ್ತರ ಕೊಡದೆ ಬಿಡುವುದಿಲ್ಲ. ಒಂದಕ್ಷರ ಅರ್ಥವಾಗದಿದ್ದರೂ ಎಲ್ಲರೂ ಒಟ್ಟಿಗೆ ‘ಆಮೆನ್’ ಅಂದರು. ನಾನು ಕುರ್ಚಿಯಲ್ಲಿ ಕುಸಿದೆ. ಇವತ್ತು ಮನೆಯಲ್ಲಿ ಯುದ್ಧವೇ ಅಂದುಕೊಂಡು ತಲೆ ಎತ್ತಿದರೆ, ಮಗಳು ನೇರ ಅಜ್ಜಿಯ ಕಡೆ ನೋಡುತ್ತಿದ್ದಳು.

“ಬರ್ತೀನಿ ಅಜ್ಜಿ,” ಎಂದಳು, ಮೈಕಿನಲ್ಲೇ.

ಅವಳಿಗೆ ಮಾತು ಬಂದಾಗಿನಿಂದ ನಾನು ಬಾಯಿ ಬಡಿದುಕೊಂಡಿದ್ದೇನೆ, ನನಗೊಂದು ದಿನ ಕನ್ನಡದಲ್ಲಿ ಉತ್ತರ ಕೊಟ್ಟವಳಲ್ಲ. ಅತ್ತೆ ಊರಿಗೆ ಮರಳಿದ ಮೇಲೂ ಬೆಳಿಗ್ಗೆ ವ್ಯಾನು ಹತ್ತುವಾಗ ನನಗೆ ಸಿಗುವುದು ಬರೀ ‘ಬೈ’. ಹಾಳಾಗಲಿ ಎಂದು ಒಳಗೆ ಬರಲು ನೋಡುತ್ತೇನೆ, ಆಗುವುದಿಲ್ಲ. ಒಲೆಯ ಮೇಲೆ ಹಾಲಿದ್ದರೂ ಗೇಟಿನವರೆಗೆ ಓಡಿ ‘ಹೋಗ್ಬಿಟ್ಟು ಬಾ’ ಎಂದು ಕೂಗಿಯೇ ಬರುತ್ತೇನೆ.