ಮರಳುಗಾಡಿಗೆ ಹೊರಟ ದರ್ಜಿ

ನಮ್ಮ ಮೇಲಿನ ಮಹಡಿಯ ದರ್ಜಿ ಶುದ್ಧ ಸ್ವಾರ್ಥಿ. ಅದನ್ನು ಅವನೆದುರಿಗೇ ಹೇಳಿದ್ದೇನೆ. ಮರಳುಗಾಡಿನಲ್ಲಿ ಆರು ದಿನ, ಇನ್ನೂರೈವತ್ತು ಕಿಲೋಮೀಟರ್ ಓಡುವ ಪಂದ್ಯವೊಂದಿದೆಯಂತೆ. ನೀರೊಂದನ್ನು ಬಿಟ್ಟು ಊಟ, ಹಾಸಿಗೆ ಎಲ್ಲವನ್ನೂ ಓಡುವವನೇ ಹೊರಬೇಕು. ಅದಕ್ಕಾಗಿ ಐವತ್ತು ದಾಟಿದ ಈ ಮನುಷ್ಯ ದಿನಾ ಬೆಳಿಗ್ಗೆ ಬಟ್ಟೆಯ ಥಾನನ್ನು ಬೆನ್ನಿಗೆ ಕಟ್ಟಿಕೊಂಡು ನನ್ನ ಮೆಟ್ಟಿಲನ್ನು ನೂರು ಸಲ ಹತ್ತಿ ಇಳಿಯುತ್ತಾನೆ. ಹೊರೆ ತೂಗಲೆಂದು ನನ್ನ ಅಡುಗೆಮನೆಯ ತಕ್ಕಡಿಯನ್ನು ಒಯ್ದವನು ಹಿಂದಿರುಗಿಸಲಿಲ್ಲ. ಹೊರೆ ಇಳಿಸಲು ಅಂಗಿಯ ಲೇಬಲ್ ಕಿತ್ತ, ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸಿದ. "ನನ್ನ ಫೋಟೋನಾದ್ರೂ ಇಟ್ಕೊಳ್ರೀ," ಎಂದಳು ಅವನ ಹೆಂಡತಿ. "ಎಷ್ಟು ಗ್ರಾಂ ಇದೆ ಅದು?" ಎಂದ. ಹೋದ ವರ್ಷ ಇದೇ ಪಂದ್ಯದಲ್ಲಿ ಮೂರನೆಯ ದಿನ ಬೂಟಿನೊಳಗೆ ಮರಳು ಹೊಕ್ಕು, ಪಾದದ ತುಂಬ ಬೊಬ್ಬೆಯೆದ್ದು, ಅವನನ್ನು ಜೀಪಿನಲ್ಲಿ ಹಾಕಿಕೊಂಡು ಬಂದಿದ್ದರು. "ಈ ಸಲ ತೆವಳ್ಕೊಂಡಾದ್ರೂ ಮುಗಿಸ್ತೀನಮ್ಮಾ," ಎನ್ನುತ್ತ, ಮರಳು ಹೊಗದಂತೆ ಬೂಟಿನ ಮೇಲೆ ಬಿಗಿಯಾಗಿ ಕೂರುವ ಬಟ್ಟೆಯ ಗವಸು ಹೊಲಿದುಕೊಂಡ. ಹೊರಡುವ ದಿನ ತಕ್ಕಡಿ ಕೇಳಲು ಹೋದೆ. ಇನ್ನೊಂದು ಜೊತೆ ಗವಸು ಹೊಲಿಯುತ್ತಿದ್ದ. ಅವನ ಪಾದಕ್ಕಿಂತ ಬಹಳ ದೊಡ್ಡದು. "ಇದ್ಯಾರಿಗಯ್ಯಾ?" ಎಂದೆ. "ಗೊತ್ತಿಲ್ಲಮ್ಮಾ. ಮೂರನೇ ದಿನ ಯಾರಿಗಾದ್ರೂ ಬೇಕಾಗುತ್ತೆ." ದಾರ ಕಡಿದು, ತಕ್ಕಡಿಯನ್ನು ನನ್ನ ಕೈಗೆ ಕೊಟ್ಟು, ಆ ಜೊತೆಯನ್ನು ತೂಗದೆಯೇ ಚೀಲಕ್ಕೆ ತುರುಕಿದ.